ಏಳನೇ ತಿಂಗಳ ಗಂಜಿ

ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಖುಯೆ. ಕುದಿಯುವ ಗಂಜಿಗೆ ಒಂದು ಮೊಟ್ಟೆ ಒಡೆದು ಹಾಕಿ, ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪನ್ನೂ ನೇರಳೆ ಬಣ್ಣದ ತಿಯಾ-ತೋ ಸೊಪ್ಪನ್ನೂ ಉದುರಿಸಿ ಅವಳು ತಂದುಕೊಡುತ್ತಿದ್ದಳು. ಕಂಬಳಿ ಹೊದ್ದು ಅದನ್ನು ಕುಡಿದವರು ಚೆನ್ನಾಗಿ ಬೆವರಿ, ಮರುದಿನ ಎದ್ದು ಗದ್ದೆಗೆ ಹೋಗುತ್ತಿದ್ದರು. ಅವಳ ಕೈಗುಣವೇ ಹಾಗೆ ಎಂದು ಜನ ಹೇಳುತ್ತಿದ್ದರು. "ಅಯ್ಯೋ, ಅಕ್ಕಿ, ನೀರು. ಅದ್ರಲ್ಲೇನಿದೆ ಮಹಾ!" ಎನ್ನುತ್ತಿದ್ದಳು ಖುಯೆ. ಹಾಗೆನ್ನುವಾಗ ಅವಳ ಮುಖ ನೋಡಬೇಕಿತ್ತು. ಅದರಲ್ಲಿ ಬಹಳ ಇದೆ ಎಂಬುದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಗಳಿಕೆ ಎಂದರೆ ಅವಳಿಗೆ ಪ್ರಾಣ. ತಪ್ಪೇನೂ ಇಲ್ಲ ಬಿಡಿ, ಐವತ್ತೊಂದು ವರ್ಷದ ಬದುಕಿನಲ್ಲಿ ಅವಳಿಗೆ ಹೊಗಳಿಕೆ ಸಿಕ್ಕಿದ್ದು ಆ ಒಂದು ವಿಷಯಕ್ಕೆ ಮಾತ್ರ.

ಹಾವುಮೀನು ಹಿಡಿಯುವವನ ಮಗಳು ಅವಳು. ಥಾಯ್ ಬಿನ್ ಸೀಮೆಯ ಈ ಹಳ್ಳಿಗೆ ಸೊಸೆಯಾಗಿ ಬಂದಾಗ ಇಪ್ಪತ್ತು ವರ್ಷ. ಬಂದ ವಾರದಲ್ಲೇ ಗಂಜಿ ಮಾಡಿ ಅತ್ತೆಯ ಮುಂದಿಟ್ಟಳು. ಥೊವಾ, ಅಂದರೆ ಅವಳ ಅತ್ತೆ, ಬಟ್ಟಲನ್ನು ಓರೆ ಮಾಡಿ ನೋಡಿದಳು. ಗಂಜಿ ಅಲುಗಲಿಲ್ಲ.

"ಇದೇನಮ್ಮ, ಗಂಜಿಯೋ, ಗೋಡೆಗೆ ಮೆತ್ತೋ ಗಾರೆಯೋ?"

ಅಳು ಬಂದರೂ ಖುಯೆ ಅಳಲಿಲ್ಲ. ಕಲಿತಳು. ಅಕ್ಕಿಯನ್ನು ಮೊದಲು ಒಣ ಬಾಣಲೆಯಲ್ಲಿ ಬಣ್ಣ ಸ್ವಲ್ಪ ತಿರುಗುವವರೆಗೆ ಹುರಿಯಬೇಕು. ಕುದಿಯುವ ನೀರಿಗೇ ಹಾಕಬೇಕು. ಪದೇ ಪದೇ ಸೌಟಾಡಿಸಿದರೆ ತಳ ಹಿಡಿಯುತ್ತದೆ, ಆದ್ದರಿಂದ ಸುಮ್ಮನೆ ಬಿಡಬೇಕು. ಮುಚ್ಚಳಕ್ಕೆ ಒಂದು ಊಟದ ಕಡ್ಡಿ ಅಡ್ಡ ಕೊಟ್ಟರೆ ಉಕ್ಕುವುದಿಲ್ಲ. ಇಷ್ಟನ್ನೂ ಅತ್ತೆ ಹೇಳಿಕೊಟ್ಟದ್ದು ಬೈಗುಳದ ನಡುವೆಯೇ. ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ನಾಲ್ಕನೇ ವರ್ಷದಲ್ಲಿ ಒಂದು ಮಧ್ಯಾಹ್ನ, ಏನೂ ಮಾತಾಡದೆ, ಖಾಲಿ ಬಟ್ಟಲನ್ನು ಎರಡನೇ ಸಲ ಮುಂದೆ ಚಾಚಿದಳು. ಆ ದಿನ ಖುಯೆ ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕಿದ್ದಳು.

ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಬಿದ್ದು ಎಡಭಾಗ ಸೋತುಹೋಯಿತು. ಅಂಗಳದ ಕಡೆಗಿನ ಕಿಟಕಿಯ ಪಕ್ಕ ಅವಳ ಮಂಚ ಹಾಕಿದರು. ಗಂಟಲಲ್ಲಿ ಇಳಿಯುತ್ತಿದ್ದುದು ಗಂಜಿಯೊಂದೇ. ಖುಯೆಯ ಗಂಡ ಹ್ವಾಚ್ ಮರಳು ಸಾಗಿಸುವ ದೋಣಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಮಗಳು ಮದುವೆಯಾಗಿ ದೂರ ಹೋಗಿದ್ದಳು. ಹಾಗಾಗಿ ದಿನಕ್ಕೆ ಮೂರು ಹೊತ್ತು ಅತ್ತೆಯ ಬಾಯಿಗೆ ಚಮಚ ಹಿಡಿಯುವುದು ಖುಯೆಯ ಪಾಲಿಗೆ ಬಂತು. ಅದನ್ನವಳು ಚೆನ್ನಾಗಿಯೇ ಮಾಡಿದಳು. ಮಾಡುತ್ತಿದ್ದಾಳೆಂದು ಓಣಿಗೆಲ್ಲ ಗೊತ್ತಿರುವ ಹಾಗೆಯೂ ನೋಡಿಕೊಂಡಳು.

ಇದೆಲ್ಲ ಸರಿಯಾಗಿಯೇ ಇತ್ತು, ಎರಡು ಸಾವಿರದ ಒಂಬತ್ತನೇ ಇಸವಿಯ ಏಳನೇ ತಿಂಗಳ ಹುಣ್ಣಿಮೆಯವರೆಗೆ.

ಆ ಹುಣ್ಣಿಮೆಗೆ ಮನೆಯ ಹಿರಿಯರಿಗೆ ಒಳಗೆ ಎಡೆ, ದಿಕ್ಕಿಲ್ಲದೆ ಸತ್ತವರಿಗೆ ಹೊರಗೆ ಅಂಗಳದಲ್ಲಿ ಎಡೆ. ಹಿರಿಯರ ಎಡೆಯ ಕೋಳಿ, ಅನ್ನವನ್ನು ಆಮೇಲೆ ಮನೆಯವರೇ ಊಟ ಮಾಡುತ್ತಾರೆ. ಅಂಗಳದ ಗಂಜಿ ಮಾತ್ರ ಬೇರೆ. ಅಲೆಯುವ ಪ್ರೇತಗಳ ಗಂಟಲು ಸೂಜಿಯಷ್ಟು ಸಣ್ಣ, ಗಟ್ಟಿ ಅನ್ನ ಇಳಿಯುವುದಿಲ್ಲ. ಅದಕ್ಕೇ ಉಪ್ಪಿಲ್ಲದ ತೆಳು ಗಂಜಿ, ಅರಳು, ಒಂದಿಷ್ಟು ಮಿಠಾಯಿ. ಊದುಬತ್ತಿ ಆರುವಷ್ಟರಲ್ಲಿ ಮಿಠಾಯಿಯನ್ನು ಓಣಿಯ ಮಕ್ಕಳು ದೋಚುತ್ತಾರೆ, ಗಂಜಿಯನ್ನು ಗೇಟಿನ ಪಕ್ಕದ ಕಮರಾಕ್ಷಿ ಮರದ ಬುಡಕ್ಕೆ ಸುರಿಯುತ್ತಾರೆ. ಅದನ್ನು ಮನೆಯೊಳಗೆ ತರುವುದಿಲ್ಲ, ಮನೆಯವರು ಬಾಯಿಗಿಡುವುದಿಲ್ಲ. ಅನ್ನ ಹಾಕುವ ಮಕ್ಕಳಿಲ್ಲದೆ ಬೀದಿಯಲ್ಲಿ ಸತ್ತವರ ಪಾಲು ಅದು.

ಥೊವಾ ಹಬ್ಬ ಹರಿದಿನಗಳ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳುವವಳಲ್ಲ. ಆದರೆ ಈ ಹನ್ನೆರಡು ಬಟ್ಟಲು ಗಂಜಿಯ ವಿಷಯದಲ್ಲಿ ಅವಳದು ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ. ಹನ್ನೊಂದು ಬಟ್ಟಲು ಸ್ಟೂಲಿನ ಮೇಲಿನ ಮೊರದಲ್ಲಿ, ಒಂದು ಕೆಳಗೆ, ನೆಲದ ಮೇಲೆ. ಯಾಕೆ ಎಂದು ಖುಯೆ ಕೇಳಿರಲಿಲ್ಲ. ಆ ಮನೆಯ ಪದ್ಧತಿ ಅಂದುಕೊಂಡಿದ್ದಳು.

ಬೆಳಿಗ್ಗೆಯೇ ಮಂಚದಿಂದ ಶುರುವಾಯಿತು.

"ಖುಯೇ, ಗಂಜಿ ನೀರಾಗಿರ್ಲಿ. ಹೋದ್ವರ್ಷ ಗಟ್ಟಿ ಮಾಡಿದ್ದೆ."

"ಹೋದ್ವರ್ಷ ಪ್ರೇತಗಳು ಬಂದು ನಿಮ್ಮತ್ರ ದೂರು ಹೇಳಿದ್ವಾ ಅತ್ತೆ?"

"ಹೇಳಿದ್ವು. ನಿನ್ ಸೊಸೆ ಬಾಯಿ ಜೋರು ಅಂತಾನೂ ಹೇಳಿದ್ವು."

ಮಧ್ಯಾಹ್ನಕ್ಕೆ ಗಂಡನ ಕಡೆಯ ನೆಂಟರು ಬಂದು, ಎಡೆ ಮುಗಿಸಿ, ಉಂಡು, ಗುಡ್ಡೆಯಷ್ಟು ಪಾತ್ರೆ ಬಿಟ್ಟು ಹೋದರು. ಹೊರಗಿನ ಗಂಜಿ ಬೇಯಿಸಿ ಖುಯೆ ಎಡೆ ಇಟ್ಟಾಗ ನಾಲ್ಕು ಗಂಟೆ. ಊದುಬತ್ತಿ ಹಚ್ಚಿ ಕೈಮುಗಿದು ಒಳಗೆ ಬಂದು, ಅತ್ತೆಯ ಗಂಜಿಗೆಂದು ಅಕ್ಕಿ ಹುರಿದು ಒಲೆಗೆ ನೀರಿಟ್ಟಳು. ನೀರು ಬೆಚ್ಚಗಾಗುವ ಹೊತ್ತಿಗೆ ಒಲೆಯ ಉರಿ ಒಂದು ಸಲ ನೀಲಿಯಾಗಿ ಕುಣಿದು ಆರಿಹೋಯಿತು. ಗ್ಯಾಸ್ ಖಾಲಿ. ಸಿಲಿಂಡರನ್ನು ಅಲ್ಲಾಡಿಸಿದಳು, ಓರೆ ಮಾಡಿದಳು, ಬೈದಳು. ಗ್ಯಾಸಿನವನು ಹುಣ್ಣಿಮೆಯ ದಿನ ಅಂಗಡಿ ತೆಗೆಯುವವನಲ್ಲ. ಉರಿಸೋಣವೆಂದರೆ ಹಿತ್ತಲಿನ ಹುಲ್ಲಿನ ಬಣವೆ ಮೂರು ದಿನದ ಮಳೆಗೆ ನೆನೆದಿತ್ತು.

ಗೋಡೆಯಾಚೆ ಮಿಯೆನಕ್ಕನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೋಗಿ ಕೇಳಬಹುದಿತ್ತು. ಆದರೆ ಮಿಯೆನಳ ಅಡುಗೆಯನ್ನು ಓಣಿಯಲ್ಲಿ ಹೆಚ್ಚು ಗೇಲಿ ಮಾಡಿದವಳು ಖುಯೆಯೇ. ಹಬ್ಬದ ದಿನ ಗ್ಯಾಸ್ ಖಾಲಿ ಮಾಡಿಕೊಂಡು ಅವಳ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತರೆ, ಆ ಸುದ್ದಿ ಸಂಜೆಯೊಳಗೆ ಒಗ್ಗರಣೆ ಸಮೇತ ನದಿಯಾಚೆಗೂ ಮುಟ್ಟುತ್ತಿತ್ತು.

"ಖುಯೇ, ಆಯ್ತೇನೇ?" ಎಂದಿತು ಮಂಚ. ಬೆಳಿಗ್ಗೆಯಿಂದ ಅತ್ತೆ ಏನೂ ತಿಂದಿರಲಿಲ್ಲ. ನೆಂಟರ ಗಲಾಟೆಯಲ್ಲಿ ಮಧ್ಯಾಹ್ನದ ಗಂಜಿ ತಪ್ಪಿತ್ತು.

"ಆಯ್ತು ಅತ್ತೆ, ಒಂದ್ನಿಮಿಷ!"

ಅಂಗಳದಲ್ಲಿ ಊದುಬತ್ತಿ ಆರಿತ್ತು. ಮಕ್ಕಳು ಮಿಠಾಯಿ ಹೊತ್ತುಕೊಂಡು ಓಡಿದ್ದರು. ಹನ್ನೆರಡು ಬಟ್ಟಲು ಗಂಜಿ, ಮೇಲೆ ತೆಳುವಾಗಿ ಕೆನೆಗಟ್ಟಿ, ಇಟ್ಟ ಹಾಗೇ ಕುಳಿತಿತ್ತು. ಒಳ್ಳೆಯ ಅಕ್ಕಿ, ತನ್ನ ಕೈಯಾರೆ ಬೇಯಿಸಿದ್ದು. ಬಟ್ಟಲುಗಳನ್ನು ಮರದ ಬುಡಕ್ಕೆ ಒಯ್ಯಲೆಂದೇ ಅವಳು ಬಗ್ಗಿದಳು. ಬಗ್ಗಿದವಳು ಹಾಗೇ ಯೋಚಿಸಿದಳು. ಪ್ರೇತಗಳು ಉಣ್ಣುವುದು ವಾಸನೆಯನ್ನು ತಾನೇ? ಅವುಗಳ ಊಟ ಮುಗಿಯಿತಲ್ಲ? ಇದನ್ನು ಮಣ್ಣಿಗೆ ಸುರಿದು ಒಳಗೆ ಮುದುಕಿಯನ್ನು ಉಪವಾಸ ಕೆಡವುವುದು ಯಾವ ನ್ಯಾಯ? ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಕಿಟಕಿಯಲ್ಲಿ ಅತ್ತೆಯ ಕಣ್ಣು ಮುಚ್ಚಿತ್ತು. ಮೊರವನ್ನೆತ್ತಿ ಅಡುಗೆಮನೆಗೆ ತಂದು ಹನ್ನೊಂದು ಬಟ್ಟಲನ್ನೂ ಪಾತ್ರೆಗೆ ಬಗ್ಗಿಸಿದಳು. ಆಮೇಲೆ ಹೋಗಿ ನೆಲದ ಮೇಲಿದ್ದ ಹನ್ನೆರಡನೆಯದನ್ನೂ ತಂದಳು.

ನಾಲ್ಕು ಒಣ ತೆಂಗಿನ ಗರಿ ಸಿಕ್ಕಿತು. ಬೇಯಿಸುವುದಕ್ಕೆ ಸಾಲದಿದ್ದರೂ ಬಿಸಿ ಮಾಡುವುದಕ್ಕೆ ಸಾಕಾಯಿತು. ಹಿರಿಯರ ಎಡೆಯ ಕೋಳಿಯನ್ನು ಎಳೆ ಎಳೆ ಬಿಡಿಸಿ ಹಾಕಿದಳು, ಉಪ್ಪು, ಎರಡು ಹನಿ ಮೀನಿನ ರಸ, ಈರುಳ್ಳಿ ಸೊಪ್ಪು. ನೋಡಿದರೆ ಎಂದಿನ ಗಂಜಿಯೇ.

ಅತ್ತೆ ಮೊದಲ ಚಮಚವನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

"ಯಾವಾಗ್ ಮಾಡ್ದೆ ಇದನ್ನ?"

"ಈಗಷ್ಟೆ ಇಳಿಸ್ದೆ ಅತ್ತೆ. ನಿಮಗೇ ಅಂತ ಬೇರೆ ಮಾಡಿದ್ದು."

ಅತ್ತೆ ನುಂಗಿದಳು. ಬಟ್ಟಲು ಖಾಲಿಯಾಯಿತು. "ಇನ್ನೊಂಚೂರು ಹಾಕು" ಎಂದಳು. ಅದನ್ನೂ ಮುಗಿಸಿದಳು. ತುಟಿಯ ಅಂಚಿನಲ್ಲಿ ಎಳ್ಳಿನಷ್ಟು ಊದುಬತ್ತಿಯ ಬೂದಿ ಅಂಟಿತ್ತು. ಖುಯೆ ಹೆಬ್ಬೆರಳಿನಿಂದ ಅದನ್ನು ಒರೆಸಿ ಅಂಗಿಯ ಅಂಚಿಗೆ ತಿಕ್ಕಿಕೊಂಡಳು. ಕೆಲಸ ಚೆನ್ನಾಗಿಯೇ ಆಯಿತು ಎಂದು ಅವಳಿಗೆ ಸಮಾಧಾನವೇ ಆಯಿತು ಎಂಬುದನ್ನು ಮುಚ್ಚಿಡಬಾರದು.

ಮರುದಿನ ಬೆಳಿಗ್ಗೆ ಅತ್ತೆ ಬಾಯಿ ತೆರೆಯಲಿಲ್ಲ. ಮಧ್ಯಾಹ್ನವೂ ಇಲ್ಲ. ನೀರು ಕುಡಿದಳು, ಚಮಚ ಕಂಡರೆ ಮುಖ ಗೋಡೆಗೆ ತಿರುಗಿಸಿದಳು. ಖುಯೆ ಹೊಸ ಸಿಲಿಂಡರ್ ತರಿಸಿ ಹಂದಿಯ ಎಲುಬು ಬೇಯಿಸಿ ಗಂಜಿ ಮಾಡಿದಳು, ಹೆಸರುಬೇಳೆ ಹಾಕಿ ಸಿಹಿ ಮಾಡಿದಳು, ತವರಿನಿಂದ ಹಾವುಮೀನು ತರಿಸಿದಳು. ಏನಕ್ಕೂ ಬಾಯಿ ತೆರೆಯಲಿಲ್ಲ. ಸುದ್ದಿ ತಿಳಿದು ಮಿಯೆನಕ್ಕ ತಾನೇ ಒಂದು ಬಟ್ಟಲು ಗಂಜಿ ಹಿಡಿದು ಬಂದಳು. ಅದೂ ವಾಪಸು ಹೋಯಿತು.

"ನನ್ ಗಂಜಿ ಬೇಡ ಅಂದ್ರು ಅಂದ್ರೆ ಅಜ್ಜಿಗೆ ಬುದ್ಧಿ ನೆಟ್ಟಗಿದೆ ಅಂತ ಅರ್ಥ," ಎಂದಳು ಮಿಯೆನ್ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ. "ನಿನ್ ಗಂಜೀನೂ ಬೇಡ ಅಂದ್ರೆ ಏನೋ ಇದೆ ಕಣೆ ಖುಯೆ. ಏನಾದ್ರೂ ಅಂದ್ಯಾ?"

"ನಾನೇನನ್ಲಿ? ವಯಸ್ಸಾಯ್ತಲ್ಲ ಅಕ್ಕ, ಮಕ್ಕಳ ಥರ ಹಟ."

ಹೇಳುವಾಗಲೇ ಅವಳ ಕಿವಿ ಬಿಸಿಯಾಯಿತು. ಎರಡನೇ ದಿನ ಮಧ್ಯಾಹ್ನ ಅತ್ತೆಯ ದಿಂಬು ಸರಿಮಾಡಲು ಬಗ್ಗಿ, ದಿಂಬಿನ ಎತ್ತರದಿಂದ ಅವಳು ಕಿಟಕಿಯ ಸರಳಿನಾಚೆ ನೋಡಿದಳು. ಕಮರಾಕ್ಷಿ ಮರದ ಬುಡ ನೇರ ಎದುರಿಗೇ ಕಾಣುತ್ತಿತ್ತು. ಪ್ರತಿ ವರ್ಷ ಹುಣ್ಣಿಮೆಯ ನಂತರ ವಾರದವರೆಗೆ ಅಲ್ಲಿ ಬಿಳಿಯ ಕಲೆ, ಇರುವೆ ಸಾಲು ಇರುತ್ತಿತ್ತು. ಈ ಸಲ ಬರೀ ಮಣ್ಣು. ಮೂವತ್ತೊಂದು ವರ್ಷ ತನ್ನೊಂದಿಗೆ ಒಂದೇ ಮನೆಯಲ್ಲಿದ್ದ ಹೆಂಗಸಿಗೆ ತಾನು ಬೀದಿ ಪ್ರೇತದ ಎಂಜಲು ತಿನ್ನಿಸಿದೆ, ಮೇಲೆ ನಿಮಗೇ ಅಂತ ಬೇರೆ ಮಾಡಿದ್ದು ಎಂದು ಸುಳ್ಳು ಹೇಳಿದೆ. ನೀನೂ ಯಾರೂ ಇಲ್ಲದವಳು ಎಂದು ಮುಖಕ್ಕೆ ಹೇಳಿದ ಹಾಗಾಯಿತು. ಅದು ಅತ್ತೆಗೆ ಗೊತ್ತಿದೆ. ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಆದರೂ ಅವಳು ಬಾಯಿ ಬಿಡಲಿಲ್ಲ.

ಮೂರನೇ ದಿನ ಸಂಜೆಗೆ ಹ್ವಾಚ್ ಬಂದ. ಮಿಯೆನಕ್ಕನೇ ದೋಣಿಗೆ ಫೋನ್ ಮಾಡಿಸಿದ್ದಳು. ಕೈಕಾಲು ತೊಳೆಯದೆ ಅವನು ತಾಯಿಯ ಮಂಚದ ಬಳಿ ನಿಂತ. ಮಿಯೆನ್ ಬಾಗಿಲಲ್ಲಿ, ಖುಯೆ ಕಾಲಬದಿಯಲ್ಲಿ, ಕೈಯಲ್ಲಿ ಬಿಸಿ ಬಟ್ಟಲು.

"ಏನಮ್ಮ ಇದು? ಮೂರು ದಿನದಿಂದ ಊಟ ಬಿಟ್ಟಿದ್ದೀಯಂತೆ? ಚಿಕ್ ಮಗೂನಾ ನೀನು?" ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ, ದೋಣಿಯ ಎಂಜಿನ್ನಿನ ಸದ್ದಿಗೆ ಹೊಂದಿಕೊಂಡ ಗಂಟಲು. "ಹಗಲೂ ರಾತ್ರಿ ಜೀವ ತೇಯ್ತಾಳಲ್ಲ ಅವ್ಳು, ಊರೆಲ್ಲ ಹೊಗಳತ್ತೆ. ನಿನಗೆ ಮಾತ್ರ ಅವಳು ಮಾಡಿದ್ದು ಸೇರಲ್ವಾ? ಜನ ಏನಂತಾರೆ? ಸೊಸೆ ಉಪವಾಸ ಹಾಕಿ ಸಾಯಿಸಿದ್ಳು ಅಂತಾರೆ. ಅದು ಬೇಕಾ ನಿನಗೆ?"

ಥೊವಾ ಮಗನನ್ನು ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಖುಯೆ ಕಾದಳು.

"ಬಾಯಿ ರುಚಿ ಕೆಟ್ಟಿದೆ ಮಗಾ," ಎಂದಳು ಮುದುಕಿ. "ಅವಳದ್ದೇನೂ ತಪ್ಪಿಲ್ಲ. ಬೈಬೇಡ."

ಹುಣ್ಣಿಮೆಯ ದಿನ ಮಾಡಿದ್ದಕ್ಕೆ ಏನೋ ಒಂದು ಸಮಜಾಯಿಷಿ ಇತ್ತು, ಗ್ಯಾಸ್ ಇತ್ತು, ಮಳೆಯಿತ್ತು, ಮುದುಕಿಯ ಹಸಿವಿತ್ತು. ತನಗಾಗಿ ಆ ಮುದುಕಿ ಮಗನ ಕೈಲಿ ಬೈಸಿಕೊಳ್ಳುತ್ತಿರುವಾಗ ಬಟ್ಟಲು ಹಿಡಿದು ಸತಿ ಸಾವಿತ್ರಿಯ ಹಾಗೆ ನಿಂತಿದ್ದಕ್ಕೆ ಯಾವ ಸಮಜಾಯಿಷಿಯೂ ಇರಲಿಲ್ಲ. ಖುಯೆ ಬಟ್ಟಲನ್ನು ಕೆಳಗಿಟ್ಟಳು.

"ತಪ್ಪು ನಂದು ರೀ," ಎಂದಳು. "ಹುಣ್ಣಿಮೆ ದಿನ ಅತ್ತೆಗೆ ಅಂಗಳದ ಗಂಜಿ ತಿನ್ಸಿದೆ. ಊದುಬತ್ತಿ ಆರಿದ್ಮೇಲೆ ಬಟ್ಟಲೆಲ್ಲ ವಾಪಸ್ ಪಾತ್ರೆಗೆ ಸುರ್ದು, ಬಿಸಿ ಮಾಡಿ, ಕೋಳಿ ಹಾಕಿ ಕೊಟ್ಟೆ. ಗ್ಯಾಸ್ ಮುಗ್ದಿತ್ತು. ಮಿಯೆನಕ್ಕನ ಮನೇಗೆ ಹೋಗಿ ಕೇಳಕ್ಕೆ ನಂಗೆ ಜಂಬ ಅಡ್ಡ ಬಂತು."

ಹ್ವಾಚ್ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ಅವಳನ್ನು ನೋಡದೆ ಅಂಗಳಕ್ಕೆ ಹೋಗಿ ಸಿಗರೇಟು ಹಚ್ಚಿದ. ಹೊಡೆದಿದ್ದರೆ ವಾಸಿಯಿತ್ತು. ಮಿಯೆನ್, ಜನ್ಮದಲ್ಲಿ ಒಮ್ಮೆಯಾದರೂ ಖುಯೆಯ ಸೊಕ್ಕು ಮುರಿಯಬೇಕೆಂದಿದ್ದವಳು, "ಹೋಗ್ಲಿ ಬಿಡೆ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಹೊರಟುಹೋದಳು.

ಅತ್ತೆ ಸರಿಯಾಗಿದ್ದ ಕೈಯಿಂದ ಮಂಚದ ಅಂಚು ತಟ್ಟಿದಳು. "ಕೂತ್ಕೋ."

ಖುಯೆ ನೆಲದ ಮೇಲೆ ಕೂತಳು. "ನೀವು ಬೈಯ್ರಿ ಅತ್ತೆ. ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಮರದ ಬುಡಕ್ಕೆ ಸುರಿಯೋ ಸದ್ದಿಗೆ ಕಾಯ್ತಾ ಕಣ್ಮುಚ್ಚಿ ಮಲ್ಗಿದ್ದೆ. ಪ್ರತಿ ವರ್ಷ ಕಾಯ್ತೀನಿ. ಸದ್ದು ಬರ್ಲಿಲ್ಲ. ಆಮೇಲೆ ನೀನ್ ಬಟ್ಟಲು ತಂದೆ, ಊದುಬತ್ತಿ ವಾಸ್ನೆ ಹೊಡೀತು." ಅವಳ ಕಣ್ಣು ಕಿಟಕಿಯಾಚೆಗೆ ಹೊರಳಿತು. "ನೆಲದ ಮೇಲೆ ಒಂದು ಬಟ್ಟಲು ಇಡ್ತೀವಲ್ಲ, ಯಾಕೆ ಅಂತ ನೀನ್ ಕೇಳ್ಲೇ ಇಲ್ಲ."

"ನಿಮ್ಮನೆ ಪದ್ಧತಿ ಅಂದ್ಕೊಂಡಿದ್ದೆ."

"ಯಾವ ಮನೇದೂ ಅಲ್ಲ, ನಂದು. ಅವನು ಗಿಡ್ಡ. ಮೊರ ಎಟುಕಲ್ಲ."

ಥೊವಾಗೆ ಒಬ್ಬ ತಮ್ಮನಿದ್ದ ಎಂಬುದು ಖುಯೆಗಾಗಲಿ, ಹ್ವಾಚ್‌ಗಾಗಲಿ ಆವರೆಗೆ ಗೊತ್ತೇ ಇರಲಿಲ್ಲ. ನಲವತ್ತೈದನೇ ಇಸವಿಯ, ಅಲ್ಲಿಯ ಪಂಚಾಂಗದ ಕೋಳಿ ವರ್ಷದ ಕ್ಷಾಮದಲ್ಲಿ ಆ ಸೀಮೆಯ ಎಷ್ಟೋ ಮನೆಗಳಿಗೆ ಬಾಗಿಲು ಹಾಕುವವರೂ ಉಳಿದಿರಲಿಲ್ಲ. ಥೊವಾಗೆ ಆಗ ಹತ್ತು ವರ್ಷ, ತಮ್ಮನಿಗೆ ಐದು. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಪೇಟೆಯ ಗುಡಿಯಲ್ಲಿ ಗಂಜಿ ಕೊಡುತ್ತಾರೆಂದು ಕೇಳಿ ಇಬ್ಬರೂ ನಡೆದುಹೋದರು.

"ಅವನ ಕೈಲಿ ನಿಲ್ಲಕ್ಕಾಗ್ತಿರ್ಲಿಲ್ಲ. ಗೋಡೆ ಪಕ್ಕ ಕೂರ್ಸಿ ನಾನ್ ಸಾಲಲ್ಲಿ ನಿಂತೆ. ಇಬ್ರು ಅಂದೆ, ಎರಡು ಸೌಟು ಹಾಕಿದ್ರು, ಆಲದೆಲೆ ಮೇಲೆ. ನಂದು ಅಲ್ಲೇ ಕುಡ್ದೆ. ಅವಂದು ತರ್ತಾ ದಾರೀಲಿ ಒಂಚೂರು ನೆಕ್ಕಿದೆ. ಆಮೇಲೆ ಇನ್ನೊಂಚೂರು. ಅವನ ಹತ್ರ ಬರೋ ಹೊತ್ಗೆ ಬರೀ ಎಲೆ ಇತ್ತು ಕಣೆ. ಮುಗ್ದೋಯ್ತಂತೆ ಕಣೋ ಅಂದೆ. ಅವನು ನಂಬ್ದ. ಎಲೆ ಇಸ್ಕೊಂಡು ನೆಕ್ಕಿದ. ಬೆಳಿಗ್ಗೆ ಗಾಡಿಯವರು ಬಂದು ಎತ್ಕೊಂಡ್ ಹೋದ್ರು. ಎಲ್ಲಿ ಹಾಕಿದ್ರೋ."

ಅಂಗಳದಲ್ಲಿ ಹ್ವಾಚ್ ಕೆಮ್ಮಿದ. ಖುಯೆ ಅತ್ತೆಯ ಸೋತ ಕೈಯನ್ನು ಹಿಡಿದುಕೊಂಡಳು.

"ಅತ್ತೆ, ಆಗ ನಿಮಗೆ ಹತ್ತು ವರ್ಷ. ಮಗು ನೀವು."

"ಮೊನ್ನೆ ನಂಗೆಷ್ಟು ವರ್ಷ?" ಎಂದಳು ಥೊವಾ. "ಅದು ಅವನ ಗಂಜಿ ಅಂತ ಗೊತ್ತಾಯ್ತು. ಬೇಡ ತಗೊಂಡ್ಹೋಗು ಅನ್ಬೋದಿತ್ತು. ತಿಂದೆ. ಅರವತ್ನಾಲ್ಕು ವರ್ಷ ಆದ್ಮೇಲೂ ಅವನ ಪಾಲು ತಿಂದೆ. ಇನ್ನೊಂಚೂರು ಹಾಕು ಅಂದೆ. ನಿನ್ ಮೇಲೆ ಯಾವ ಕೋಪಾನೂ ಇಲ್ಲ ನಂಗೆ. ನೀನು ಗೊತ್ತಿಲ್ದೆ ಮಾಡ್ದೆ."

ಖುಯೆ ನಾಳೆಯೇ ಇನ್ನೊಂದು ಸಲ ಎಡೆ ಇಡೋಣ ಎನ್ನಲು ಹೋದಳು. ಆದರೆ ಹುಣ್ಣಿಮೆ ಕಳೆದರೆ ಪ್ರೇತಲೋಕದ ಬಾಗಿಲು ಮುಚ್ಚುತ್ತದೆ, ಇನ್ನು ತೆರೆಯುವುದು ಮುಂದಿನ ವರ್ಷ. ಮುಂದಿನ ವರ್ಷದವರೆಗೆ ಅತ್ತೆ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ತಾನು ಜಂಬಕ್ಕೆ ಬಿದ್ದು ಕಿತ್ತುಕೊಂಡಿದ್ದು ಈ ಮುದುಕಿ ತಮ್ಮನಿಗೆ ಉಣಬಡಿಸುವ ಕೊನೆಯ ಸರದಿಯನ್ನು ಎಂದು ಖುಯೆಗೆ ಆಗ ಹೊಳೆಯಿತು. ಅವಳು ಆ ಒಣಗಿದ ಕೈಗೆ ಹಣೆ ಒತ್ತಿ ಬಿಕ್ಕಿದಳು.

"ನಾನ್ ಇಡ್ತೀನಿ ಅತ್ತೆ. ಬದುಕಿರೋವರ್ಗೂ ಇಡ್ತೀನಿ. ಅವನ ಹೆಸರು ಹೇಳಿ, ಕರೆದು ಇಡ್ತೀನಿ."

"ಹೆಸರಿಟ್ಟಿರ್ಲಿಲ್ಲ. ಪುಟ್ಟ ಅಂತಿದ್ವಿ."

ಕೊನೆಗೆ ಥೊವಾ ಸರಿಯಾಗಿದ್ದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು, ಸೊಸೆಗೆ ಕಾಣದಂತೆ.

"ಖುಯೇ."

"ಹೇಳಿ ಅತ್ತೆ."

"ಹಸಿವಾಗ್ತಿದೆ ಕಣೆ. ಇಷ್ಟೆಲ್ಲ ಬಾಯ್ಬಿಟ್ಟು ಹೇಳಿದ್ಮೇಲೂ ಹಸಿವಾಗ್ತಿದೆ. ನಾಚ್ಕೆ ಆಗತ್ತೆ."

ಖುಯೆಗೂ ತಲೆಯೆತ್ತಿ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಎದ್ದು, ಅಕ್ಕಿ ಹುರಿಯಲು ಹೋದಳು.